ಮಳೆ ಅಳೆಯುವ ಮಹಾಶಯರಿಗೆ

ಗ್ರಾಮ ಪಂಚಾಯ್ತಿ ಆಫೀಸಿನ ತಾರಸಿಯ ಮೇಲೆ ಬಿಜಯಂಗೈದಿರುವ ಶ್ರೀ ಮಳೆಮಾಪಕ ಯಂತ್ರ ಮಹಾಶಯರಿಗೆ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟ ಮತ್ತು ಭತ್ತದ ಗದ್ದೆಯವರ ಪೈಕಿ ಒಬ್ಬ ಮಾಡಿಕೊಳ್ಳುವ ವಿಜ್ಞಾಪನೆ.

ಉಭಯ ಕುಶಲೋಪರಿ ಸಾಂಪ್ರತ. ‘ಇತ್ತ ಕಡೆ ನಾವೆಲ್ಲ ಕ್ಷೇಮ’ ಎಂದು ಬರೆದೇ ಕಾಗದ ಶುರು ಮಾಡಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಹಾಗೆ ಬರೆಯಲು ಈ ಸಲ ಸಂಕೋಚವೇನಿಲ್ಲ. ನಾವು ಕ್ಷೇಮವಾಗಿದ್ದೇವೆಂದು ಕಳೆದ ಮಳೆಗಾಲದಲ್ಲಿ ತಾವೇ ಲೆಕ್ಕ ಕೊಟ್ಟಿದ್ದೀರಿ. ಅಡಿಕೆಯ ಎಳೆಗಾಯಿ ಉದುರಿ ತೋಟದ ಬಸಿಗಾಲುವೆಯಾದ ಕಾದಿಗೆ ತುಂಬ ತೇಲುತ್ತಿದ್ದ ವಾರದಲ್ಲಿ ನಮ್ಮ ಪಂಚಾಯ್ತಿಯಲ್ಲಿ ಹೇಳಿಕೊಳ್ಳುವಂಥ ಮಳೆಯೇ ಬಿದ್ದಿಲ್ಲವೆಂದು ತಮ್ಮ ದಾಖಲೆ ಹೇಳಿತು. ನಾವು ನಂಬಿದೆವು. ನೆನೆದ ಬಟ್ಟೆ ಬದಲಾಯಿಸಿಕೊಂಡು ಬಂದು ನಂಬಿದೆವು.

ತಮ್ಮ ಮೇಲೆ ನಮಗೆ ಅಪಾರ ಗೌರವವಿದೆ. ತಾವು ಲಂಚ ಮುಟ್ಟುವುದಿಲ್ಲ, ಜಾತಿ ಕೇಳುವುದಿಲ್ಲ, ‘ನಾಳೆ ಬನ್ನಿ’ ಎನ್ನುವುದಿಲ್ಲ. ಮೇಲೆ ಬಾಯ್ದೆರೆದ ಒಂದು ಆಲಿಕೆ, ಅದರ ಕೆಳಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ಮಗುಚುತ್ತದೆ, ಇನ್ನೊಂದು ಬಾಯೊಡ್ಡುತ್ತದೆ. ಎಷ್ಟು ಸಲ ಮಗುಚಿತೋ ಅಷ್ಟು ಮಳೆ. ಕಾಲು ಗಂಟೆಗೊಮ್ಮೆ ಅದರ ಸುದ್ದಿ ಬೆಂಗಳೂರಿಗೆ ಹೋಗುತ್ತದೆ. ಬಿಸಿಲಿನಿಂದ ಕರೆಂಟು ಮಾಡಿಕೊಳ್ಳುವ ಒಂದು ಹಲಗೆಯನ್ನೂ ತಮಗೆ ಕೊಟ್ಟಿದ್ದಾರೆ. ಆರಿದ್ರೆಯಿಂದ ಮಖೆಯವರೆಗೆ ಸೂರ್ಯನ ಮುಖವನ್ನೇ ಕಾಣದ ಊರಿನಲ್ಲಿ ಬಿಸಿಲು ಕುಡಿದು ಮಳೆ ಅಳೆಯಬೇಕಾದ ತಮ್ಮ ಪಾಡು ನಮಗೆ ಅರ್ಥವಾಗುತ್ತದೆ. ನಡುವೆ ತಾವು ಮೂರ್ಛೆ ಹೋದರೆ ತಪ್ಪು ತಮ್ಮದೆಂದು ನಾನು ಹೇಳುವುದಿಲ್ಲ.

ಇಷ್ಟು ಮರ್ಯಾದೆಯಿಂದ ತಮಗೆ ಬರೆಯಲು ಕಾರಣವೂ ಉಂಟು. ಹವಾಮಾನ ಆಧಾರಿತ ಬೆಳೆ ವಿಮೆ ಎಂಬ ಯೋಜನೆ ಬಂದ ಮೇಲೆ ನಮ್ಮ ತೋಟದ ಸುಖದುಃಖ ತಮ್ಮ ಬಟ್ಟಲಿನಲ್ಲಿದೆ. ಅಡಿಕೆಗೆ ಹೆಕ್ಟೇರಿಗೆ ₹1,28,000 ವಿಮೆ, ಅದರ ಶೇ 5, ಅಂದರೆ ₹6,400 ನಮ್ಮ ಕಂತು. ಎಕರೆ ಲೆಕ್ಕದವರಿಗೆ ಸುಮಾರು ₹2,590. ಮಳೆಗಾಲದ ಬಾಗಿಲಲ್ಲಿ ಸೊಸೈಟಿಯಲ್ಲಿ ಕಂತು ಕಟ್ಟಿ ಮನೆಗೆ ಬಂದರೆ ಮುಂದಿನ ಕೆಲಸ ತಮ್ಮದು. ಈ ವಿಮೆಯಲ್ಲಿ ತೋಟಕ್ಕೆ ಯಾರೂ ಬರುವುದಿಲ್ಲ. ಅಡಿಕೆಯ ಗೊಂಚಲಾದ ಕೊನೆಯಲ್ಲಿ ಕಾಯಿ ಇದೆಯೋ ಉದುರಿದೆಯೋ ಯಾರೂ ಕತ್ತೆತ್ತಿ ನೋಡುವುದಿಲ್ಲ. ಪಂಚಾಯ್ತಿಯ ತಾರಸಿಯ ಮೇಲೆ ನಿಗದಿಯಾದಷ್ಟು ಮಳೆ ಬಿದ್ದಿದ್ದರೆ ಪಂಚಾಯ್ತಿಯ ಎಲ್ಲರಿಗೂ ನಷ್ಟ, ಬೀಳದಿದ್ದರೆ ಯಾರಿಗೂ ಇಲ್ಲ. ಮರ ಹತ್ತಿ ನೋಡುವ ತಾಪತ್ರಯವನ್ನೇ ತಪ್ಪಿಸಿದ ಈ ಬುದ್ಧಿವಂತಿಕೆಗೆ ಕೊನೆಗಾರರು ಸಿಗದ ಊರಿನವರಾದ ನಾವು ಕೈಮುಗಿಯಲೇಬೇಕು.

ತಮಗೆ ಆರೋಗ್ಯ ಕೆಟ್ಟರೆ ಅದಕ್ಕೂ ಏರ್ಪಾಡಿದೆ. ಒಂದು ಕೇಂದ್ರ ಕೈಕೊಟ್ಟರೆ ಬದಲಿ ಕೇಂದ್ರದ ಲೆಕ್ಕ ಹಿಡಿಯಬೇಕೆಂದು ಯೋಜನೆಯ ನಿಯಮದಲ್ಲೇ ಬರೆದಿದೆ. ಅಂದರೆ ನಮ್ಮೂರ ಮಳೆಗೆ ಪಕ್ಕದ ಊರಿನ ತಮ್ಮ ದಾಯಾದಿ ಸಾಕ್ಷಿ ಹೇಳುತ್ತಾರೆ. ಬಯಲುಸೀಮೆಯಲ್ಲಿ ಇದು ನಡೆದೀತು. ಇಲ್ಲಿ ಹೇಗೆ ಎಂಬುದೇ ನನ್ನ ಸಣ್ಣ ಅನುಮಾನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು ಕೂತರೆ ತೀರ್ಥಹಳ್ಳಿ ಪೇಟೆ. ಅಲ್ಲಿ ಅದರ ಅರ್ಧವೂ ಇಲ್ಲ. ಹೊಸನಗರ ತಾಲ್ಲೂಕಿನ ಒಂದು ಅಂಚಿನಲ್ಲಿ ಹುಲಿಕಲ್ ಘಾಟಿ, ಇನ್ನೊಂದು ಅಂಚಿನಲ್ಲಿ ರಿಪ್ಪನ್‌ಪೇಟೆ. ಎರಡೂ ಕಡೆ ನೆಂಟರಿರುವವರು ಕೊಡೆಯನ್ನೇ ಬೇರೆ ಬೇರೆ ಇಟ್ಟುಕೊಳ್ಳುತ್ತಾರೆ. ಸಾಗರ ತಾಲ್ಲೂಕಿನ ಆನಂದಪುರದ ಮಳೆಗೂ ಹೊಳೆಯಾಚೆ ಕರೂರು ಸೀಮೆಯ ಮಳೆಗೂ ಹೆಸರೊಂದೇ ಒಂದು. ಗುಡ್ಡದ ಈ ಮಗ್ಗುಲಲ್ಲಿ ಕಂಬಳಿಕೊಪ್ಪೆ ಹಾಕಿ ನೆಟ್ಟಿ ಮಾಡುವಾಗ ಆ ಮಗ್ಗುಲಲ್ಲಿ ಹಪ್ಪಳ ಒಣಗಿಸುವುದು ನಮ್ಮಲ್ಲಿ ಆಶ್ಚರ್ಯದ ವಿಷಯವಲ್ಲ.

ಅಳತೆಯ ವಿಷಯದಲ್ಲಿ ನಮ್ಮ ಸೀಮೆಯವರು ಸ್ವಲ್ಪ ಜಗಳಗಂಟರು ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಶುರುವಿನಲ್ಲಿ ಕ್ರಾಂತಿಗಾಗಿ ಅಲ್ಲ, ಒಂದು ಕೊಳಗಕ್ಕಾಗಿ. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ ಎಂಬುದೇ ತಕರಾರಿನ ಮೂಲ. ಸಮಾಜವಾದಿಗಳು ಕೈಜೋಡಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಗೇಣಿದಾರರ ಪ್ರಶ್ನೆ ವಿಧಾನಸೌಧದವರೆಗೂ ನಡೆದುಹೋಯಿತು. ಆಗ ಅಳತೆ ದೊಡ್ಡದಾಗಿದ್ದು ಕೊಡುವವನು ಸೋಲುತ್ತಿದ್ದ. ಈಗ ಅಳತೆ ಚಿಕ್ಕದಾಗಿದ್ದು ಪಡೆಯುವವನು ಸೋಲುತ್ತಾನೆ. ಕೊಳಗದ ಎದುರು ಸತ್ಯಾಗ್ರಹಕ್ಕೆ ಕೂರಬಹುದಿತ್ತು, ಒಡೆಯರ ಅಂಗಳದಲ್ಲೇ ಅದು ಕಣ್ಣಿಗೆ ಕಾಣುವಂತಿತ್ತು. ತಮ್ಮ ಎದುರು ಕೂರೋಣವೆಂದರೆ ತಾರಸಿಗೆ ಮೆಟ್ಟಿಲಿಲ್ಲ.

ತಮಗಿಂತ ಮೊದಲು ನಮ್ಮಲ್ಲಿ ಅಳತೆಯೇ ಇರಲಿಲ್ಲವೆಂದು ತಿಳಿಯಬೇಡಿ. ತೀರ್ಥಹಳ್ಳಿಯಲ್ಲಿ ತುಂಗೆಯ ನಡುವಿನ ರಾಮಮಂಟಪ ತಮ್ಮ ಹಿರಿಯಣ್ಣ. ಮಂಟಪ ಮುಳುಗಿತೆಂದರೆ ಕೆಳಗಿನ ಗದ್ದೆಯವರು ನೆಟ್ಟ ಸಸಿಯ ಆಸೆ ಬಿಟ್ಟು ಇನ್ನೊಂದು ಮಡಿಗೆ ಬೀಜ ನೆನೆಸುತ್ತಿದ್ದರು. ಅದಕ್ಕೆ ಬ್ಯಾಟರಿ ಬೇಡ, ಸಿಮ್ ಬೇಡ. ದೋಷವೆಂದರೆ ಒಂದೇ, ಅದರ ಹೇಳಿಕೆಯನ್ನು ವಿಮಾ ಕಂಪನಿ ಒಪ್ಪುವುದಿಲ್ಲ.

ಇನ್ನು ಅಡಿಕೆ ಉದುರಿಸುವ ಕೊಳೆಯ ವಿಷಯ. ತಾವು ಅಳೆಯುವುದು ಮಿಲಿಮೀಟರು. ಕೊಳೆ ರೋಗ ಅಳೆಯುವುದು ತಾಸು. ಫೈಟಾಫ್ತೊರಾ ಎಂಬ ಆ ಜೀವಿಗೆ ಧೋ ಎಂದು ಸುರಿದು ನಿಂತುಹೋಗುವ ಮಳೆಗಿಂತ ಬೆಳಗಿನಿಂದ ಬೈಗಿನವರೆಗೆ ಹನಿಯುವ ಜಿರಿಮಳೆ ಪ್ರೀತಿ. ನಡುನಡುವೆ ಎಳೆಬಿಸಿಲು, ಮತ್ತೆ ಹನಿ, ತಂಪು ಹವೆ, ಗಾಳಿ. ಕೊನೆ ಒಣಗಬಾರದು, ಅಷ್ಟೇ ಅದರ ಬೇಡಿಕೆ. ದಿನವಿಡೀ ಹನಿದರೂ ತಮ್ಮ ಬಟ್ಟಲು ಮಗುಚುವುದು ಕೆಲವೇ ಸಲ. ಅಂಥ ದಿನ ಬೆಂಗಳೂರಿನ ಪರದೆಯ ಮೇಲೆ ‘ಸಾಧಾರಣ ಮಳೆ’ ಎಂದು ಮೂಡುತ್ತದೆ, ಇಲ್ಲಿ ಕೊನೆಯ ಬುಡದಲ್ಲಿ ಬೂಷ್ಟು ಹಿಡಿಯುತ್ತದೆ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋಣವೆಂದರೆ ಎಲೆ-ಕಾಯಿ ಒಣಗಿರುವ ಒಂದು ಹೊಳವು ಬೇಕು, ಹೊಳವು ಸಿಕ್ಕ ದಿನ ಕೊನೆಗಾರ ಸಿಗಬೇಕು. 2025ರಲ್ಲಿ ಮುಂಗಾರು ವಾಡಿಕೆಗಿಂತ 8 ದಿನ ಮೊದಲು, ಮೇ 24ಕ್ಕೇ ಕೇರಳ ಮುಟ್ಟಿ, ಒಂದೆರಡು ದಿನದಲ್ಲಿ ನಮ್ಮ ಅಂಗಳಕ್ಕೂ ಬಂತು. ಮೈಲುತುತ್ತದ ಡಬ್ಬಿ ಇನ್ನೂ ಅಂಗಡಿಯಲ್ಲೇ ಇತ್ತು.

ಈ ರೋಗವನ್ನು ಪಟ್ಟಾಗಿ ಕೂತು ಮೊದಲು ಓದಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನ ಅವರನ್ನು 1908ರಲ್ಲಿ ಕರೆಸಿಕೊಂಡಿತು. 1910ರಲ್ಲಿ ಅಡಿಕೆಯ ಕೊಳೆ ರೋಗದ ಮೇಲೆ ಅವರ ಪುಸ್ತಿಕೆ ಹೊರಬಂತು. ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಮೈಲುತುತ್ತ-ಸುಣ್ಣದ ನೀರನ್ನು ಸಿಂಪಡಿಸುವುದು ಹೀಗೆ ಬಂತು. ನೂರಾ ಹದಿನೈದು ವರ್ಷ ದಾಟಿತು. ಇಂದಿಗೂ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರು ನೀರು. ಹೊಡೆಯುವ ಪಂಪು ಬದಲಾಯಿತು, ಮರ ಹತ್ತುವ ಬದಲು ಫೈಬರ್ ದೋಟಿ ಬಂತು, ನಷ್ಟ ಅಳೆಯಲು ತಾವು ಬಂದಿರಿ. ನನಗನ್ನಿಸುವುದು, ಕೋಲ್ಮನ್ ಸಾಹೇಬರಿಗೆ ತಾರಸಿಯ ಮೇಲೆ ಕೂತು ರೋಗ ಪತ್ತೆ ಮಾಡುವ ಉಪಾಯ ಗೊತ್ತಿರಲಿಲ್ಲ. ಪಾಪ, ತೋಟಕ್ಕೇ ಹೋಗುತ್ತಿದ್ದರು.

ವಿಮೆ ಬೇಡ, ಸರ್ಕಾರದ ಪ್ರಕೃತಿ ವಿಕೋಪ ಪರಿಹಾರ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ಯಾವುದನ್ನು ವಿಕೋಪ ಎನ್ನಬೇಕೆಂದು ಕೇಂದ್ರದ ಪಟ್ಟಿಯೂ ಇದೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದ ದಾಳಿ, ಶೀತಗಾಳಿ ಹೀಗೆ ಹನ್ನೆರಡು. ಹೊಸನಗರಕ್ಕೆ ಸುನಾಮಿ ಬಂದರೆ ನಮ್ಮ ಪರಿಹಾರ ಖಚಿತ. ಕೊಡಚಾದ್ರಿಯಿಂದ ಹಿಮ ಕುಸಿದು ನಿಟ್ಟೂರಿನ ತೋಟದ ಮೇಲೆ ಬಿದ್ದರೂ ಚಿಂತೆಯಿಲ್ಲ. ಕೀಟ ಬಂದರೂ ಆಯಿತು, ಅದಕ್ಕೆ ಕಾಲಿದೆ, ರೆಕ್ಕೆಯಿದೆ, ದಾಳಿ ಮಾಡುವ ಯೋಗ್ಯತೆಯಿದೆ. ಶಿಲೀಂಧ್ರಕ್ಕೆ ಅದ್ಯಾವುದೂ ಇಲ್ಲದ ಕಾರಣ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಎಲೆಚುಕ್ಕಿ ರೋಗ ಈ ನಾಲ್ಕೈದು ವರ್ಷದಲ್ಲಿ ಮೂರೂ ತಾಲ್ಲೂಕಿನ ಘಟ್ಟದಂಚಿನ ತೋಟಗಳನ್ನು ಸುಟ್ಟ ಹಾಗೆ ಮಾಡಿದೆ. ಸೋಗೆ ಒಣಗಿ ಜೋತುಬಿದ್ದು, ಮರ ಇದ್ದೂ ಫಸಲಿಲ್ಲದೆ, ಒಬ್ಬ ಔಷಧಿ ಹೊಡೆದರೆ ಪಕ್ಕದವನ ತೋಟದಿಂದ ಮತ್ತೆ ಬರುವ ರೋಗ ಅದು. ಮಂತ್ರಿಗಳು ಬಂದು ನೋಡಿದರು, ವಿಜ್ಞಾನಿಗಳು ಬಂದು ನೋಡಿದರು, ಒಣಗಿದ ಸೋಗೆ ಹಿಡಿದು ಫೋಟೊ ತೆಗೆಸಿಕೊಂಡದ್ದೂ ಆಯಿತು. ಆದರೆ ಅದು ವಿಕೋಪವಲ್ಲ. ಕೊಳೆಗೆ ಪರಿಹಾರ ಬಂದದ್ದೇ ಇಲ್ಲವೆಂದೇನೂ ನಾನು ಹೇಳುವುದಿಲ್ಲ, ಬಂದಿದೆ. ಬರಬೇಕಾದರೆ ಅದು ‘ಅತಿವೃಷ್ಟಿ’ಯ ವೇಷ ಕಟ್ಟಿಕೊಂಡು ರಂಗಸ್ಥಳಕ್ಕೆ ಬರಬೇಕು. ಆ ವೇಷಕ್ಕೆ ಬಣ್ಣ ಹಚ್ಚುವವರು ಮತ್ತೆ ತಾವೇ.

ವೇಷ ಗೆದ್ದರೆ ಸಿಗುವುದೇನು? ಬೆಳೆಯ ಮೂರರಲ್ಲಿ ಒಂದು ಪಾಲು, ಅಂದರೆ ಶೇ 33ಕ್ಕೆ ಕಡಿಮೆಯಿಲ್ಲದಂತೆ ಹಾಳಾಗಿರಬೇಕು. ಬಹುವಾರ್ಷಿಕ ಬೆಳೆಗೆ ಕೇಂದ್ರದ 2022–26ರ ಮಾನದಂಡದಂತೆ ಹೆಕ್ಟೇರಿಗೆ ₹22,500, ಅದೂ ಎರಡು ಹೆಕ್ಟೇರಿನವರೆಗೆ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ ಹಿಡಿಯುತ್ತದೆ. ಭಾಗಿಸಿ ನೋಡಿ, ಮರಕ್ಕೆ 16 ರೂಪಾಯಿ 42 ಪೈಸೆ. ಇದನ್ನು ನಷ್ಟ ಪರಿಹಾರ ಎಂದು ನಾವು ಕರೆದರೆ ಅಧಿಕಾರಿಗಳು ತಿದ್ದುತ್ತಾರೆ: ಇದು ಪರಿಹಾರವಲ್ಲ, ಮುಂದಿನ ಬೆಳೆಗೆ ಒಳಸುರಿ ಸಹಾಯಧನ. ಆ 42 ಪೈಸೆಯನ್ನು ಯಾವ ಒಳಸುರಿಗೆ ಹಾಕಬೇಕೆಂದು ನಾನಿನ್ನೂ ನಿರ್ಧರಿಸಿಲ್ಲ.

ಆ ಮೂರರಲ್ಲೊಂದು ಪಾಲನ್ನು ಕಂಡುಹಿಡಿಯಲು ಕಂದಾಯ, ತೋಟಗಾರಿಕೆ, ಕೃಷಿ ಮೂರೂ ಇಲಾಖೆಯವರು ಜಂಟಿ ಸಮೀಕ್ಷೆಗೆ ಬರುತ್ತಾರೆ. ಮಳೆ ಕಡಿಮೆಯಾದ ಮೇಲೆಯೇ ಬರುತ್ತಾರೆ, ಅದು ಸಹಜ, ಮಳೆಯಲ್ಲಿ ಜಾರುತ್ತದೆ. ಅಷ್ಟರಲ್ಲಿ ಉದುರಿದ ಅಡಿಕೆ ಹಳ್ಳ ಸೇರಿ ಹೊಳೆ ಸೇರಿರುತ್ತದೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣ ಕಡಲಿಗೆ ಹೋಗುತ್ತದೆ, ತುಂಗೆ ಮೂಡಣಕ್ಕೆ ತಿರುಗಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಹಾಗಾಗಿ ಸಾಕ್ಷ್ಯ ಸಂಗ್ರಹಿಸಬೇಕೆಂದರೆ ಸಾಗರದವರು ಒಂದು ಸಮುದ್ರಕ್ಕೂ ತೀರ್ಥಹಳ್ಳಿಯವರು ಇನ್ನೊಂದು ಸಮುದ್ರಕ್ಕೂ ಹೋಗಬೇಕಾಗುತ್ತದೆ.

ಮೇಲಿನಿಂದ ನೋಡುವವರೂ ಇದ್ದಾರೆ, ಉಪಗ್ರಹ. ತಮ್ಮ ದೂರದ ನೆಂಟರು. ಈಗ ವಿಕೋಪದ ನಕ್ಷೆಯೆಂದರೆ ಅವರದ್ದೇ ಕಾರುಬಾರು. ಉತ್ತರ ಕರ್ನಾಟಕದ ಬಯಲಿನಲ್ಲಿ ಭೀಮೆ ಉಕ್ಕಿದರೆ ಅವರ ಚಿತ್ರದಲ್ಲಿ ನೀರು ಹರಡಿದ್ದು ಅಂಗೈಯಲ್ಲಿ ಕಾಣುತ್ತದೆ, ಸುಳ್ಳಲ್ಲ. ನಮ್ಮಲ್ಲಿ ಮಾತ್ರ ಕಷ್ಟ. ನಷ್ಟವಾಗುವ ತಿಂಗಳಲ್ಲಿ ಮೋಡ. ಮೋಡ ತೂರಿ ನೋಡುವ ರೇಡಾರ್ ಉಂಟೆಂದರೂ ಅದು ನೀರು ನಿಂತದ್ದನ್ನು ಹೇಳೀತು, ಕಾಯಿ ಉದುರಿದ್ದನ್ನು ಹೇಳುವುದಿಲ್ಲ. ಕೊಳೆ ಬಂದ ಮರದ ತಲೆ ಹಸಿರಾಗಿಯೇ ಇರುತ್ತದೆ. ಸೋಗೆಯ ಕೆಳಗೆ ಕೊನೆ ಬೋಳಾಗಿರುವುದು ಆಕಾಶದಿಂದ ಕಾಣದು. ಪೂರ್ತಿ ಫಸಲು ಕಳೆದುಕೊಂಡ ಕಣಿವೆಯೊಂದು ಅವರ ಚಿತ್ರದಲ್ಲಿ ಸೊಂಪಾಗಿ, ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರಿಗೆ ಹಾಕುವಷ್ಟು ಚೆನ್ನಾಗಿ ಬರುತ್ತದೆ.

ಗುಡ್ಡ ಜಾರಿದರೆ ಕಾಣುತ್ತದೆ. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ಬಂದು ಅಡಿಕೆ ತೋಟ, ಭತ್ತದ ಗದ್ದೆಗಳ ಮೇಲೆ ಕೂತಿತು. ತಲೆಮಾರುಗಳು ಕಾದಿಗೆ ತೋಡಿ, ಗೊಬ್ಬರ ಹೊತ್ತು, ಒಣ ಎಲೆಯ ದರಕು ಹೊದಿಸಿ ಮಾಡಿದ ನೆಲ ಹೂತುಹೋಯಿತು. ಭೂಕುಸಿತದಲ್ಲಿ ಜಮೀನೇ ಹೋದರೆ ಸಣ್ಣ, ಅತಿಸಣ್ಣ ರೈತರಿಗೆ ಅದೇ ಮಾನದಂಡದಲ್ಲಿ ಹೆಕ್ಟೇರಿಗೆ ₹47,000, ಅಂದರೆ ಗುಂಟೆಗೆ ಸುಮಾರು 475 ರೂಪಾಯಿ. ನೆಲ ಹೋದರೂ ಪಹಣಿಯಲ್ಲಿ ಸರ್ವೆ ನಂಬರು ಉಳಿಯುತ್ತದೆ. ಮೇಲೆ ಬಂದು ಕೂತ ಗುಡ್ಡಕ್ಕೆ ಅದರದೇ ಬೇರೆ ಸರ್ವೆ ನಂಬರು ಇರುವುದರಿಂದ ಕಾನೂನಿನ ಪ್ರಕಾರ ಅತಿಕ್ರಮಣ ಮಾಡಿದ್ದು ಗುಡ್ಡ. ಯಾರೂ ಅದಕ್ಕೆ ನೋಟಿಸ್ ಕೊಟ್ಟಂತೆ ಕಾಣೆ.

ಬರದ ಸುದ್ದಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನೆಟ್ಟಿ ಮಾಡಿದ ಗದ್ದೆ ಬಿರುಕುಬಿಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದರು, ಮಲೆನಾಡೂ ಸೇರಿತು. ಕೋಲಾರದ ನೆಂಟರು ಫೋನು ಮಾಡಿ ನಕ್ಕರು. ರಾಜ್ಯ ಕೇಳಿದ್ದು ₹18,171 ಕೋಟಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲಿನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ₹3,454 ಕೋಟಿ. ಆ ಸಲ ತಾವು ಹೆಚ್ಚೇನೂ ಅಳೆಯಬೇಕಾಗಿರಲಿಲ್ಲ, ವಿಶ್ರಾಂತಿ ಸಿಕ್ಕಿರಬೇಕು.

ಭತ್ತದ ಕಥೆ ಇನ್ನೂ ಸೊಗಸು. ವರದಾಮೂಲದಲ್ಲಿ ಬೆರಳಷ್ಟು ದಪ್ಪಕ್ಕೆ ಹುಟ್ಟುವ ವರದೆ ತಾಳಗುಪ್ಪ ಹೋಬಳಿಯ ಬಯಲಿಗೆ ಬರುವಾಗ ಗದ್ದೆ ಯಾವುದು ಹೊಳೆ ಯಾವುದು ಎಂದು ತಿಳಿಯದಂತೆ ಹರಡಿಕೊಳ್ಳುತ್ತದೆ. ಸೈದೂರು, ಕಣಸೆ, ತಡಗಳಲೆ, ಬೀಸನಗದ್ದೆಯವರಿಗೆ ಇದು ಹಬ್ಬದ ಹಾಗೆ ತಪ್ಪದೆ ಬರುವ ನೆರೆ. ಮಳೆ ಬಿದ್ದದ್ದು ಮೇಲಿನ ಸೀಮೆಯಲ್ಲಿ, ಮುಳುಗಿದ್ದು ಇವರ ಗದ್ದೆ. ಇವರ ಪಂಚಾಯ್ತಿಯ ತಾರಸಿಯಲ್ಲಿ ಅಂದು ಬಿಸಿಲಿದ್ದರೂ ಇರಬಹುದು. ವಾರಗಟ್ಟಲೆ ನೀರಡಿಯಲ್ಲಿದ್ದ ಸಸಿ ಕೊಳೆತು ನಾರುತ್ತದೆ. ಹಿಂದಿನವರು ನೆರೆ ತಡೆಯುವ ನೆರೆಗುಳಿಯಂಥ ಭತ್ತ ಹಾಕುತ್ತಿದ್ದರು; ನೀರು ಏರಿದಂತೆ ತಾನೂ ಏರುವ ಜಾತಿ. ಇಳುವರಿ ಕಡಿಮೆಯೆಂದು ಅದನ್ನು ಬಿಟ್ಟೆವು. ಬಿಟ್ಟವರು ಯಾರು, ಬಿಡಿಸಿದವರು ಯಾರು ಎಂಬುದು ಇನ್ನೊಂದು ಕಾಗದದ ವಿಷಯ.

ಈ ಮುಳುಗಿದ ಭತ್ತಕ್ಕೆ ವಿಮೆ ಇತ್ತೇ ಎಂದರೆ, ಫಸಲ್ ಬಿಮಾ ಯೋಜನೆಯಲ್ಲಿ ಗದ್ದೆ ಜಲಾವೃತವಾದರೆ ಬಿಡಿ ರೈತನಿಗೆ ಕೊಡುತ್ತಿದ್ದ ರಕ್ಷಣೆಯಿಂದ ಭತ್ತವನ್ನು 2018ರಲ್ಲಿ ಕೈಬಿಟ್ಟರು. ನೀರಿನಲ್ಲೇ ಬೆಳೆಯುವ ಬೆಳೆಗೆ ನೀರಿನಿಂದ ಎಂಥ ನಷ್ಟ, ಅಲ್ಲವೇ? ಮೀನಿಗೆ ಯಾರಾದರೂ ನೆರೆ ವಿಮೆ ಮಾಡಿಸುತ್ತಾರೆಯೇ? ಈಗ 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೇಳಿದೆ. ಕಾಡುಪ್ರಾಣಿಗಳ ಹಾವಳಿಯನ್ನೂ ಸೇರಿಸಿದ್ದಾರೆ, ಕೋತಿಯೂ ಪಟ್ಟಿಯಲ್ಲಿದೆ. 72 ಗಂಟೆಯೊಳಗೆ ಜಾಗದ ಗುರುತು ಸಹಿತ ಫೋಟೊ ತೆಗೆದು ಆ್ಯಪಿಗೆ ಹಾಕಬೇಕು. ನಮ್ಮ ಕಡೆಯ ಮಂಗಗಳು ಮೊಬೈಲು ಎತ್ತಿದೊಡನೆ ನೆಟ್‌ವರ್ಕ್ ಇರುವ ಗುಡ್ಡದ ಮೇಲೆ ಹೋಗಿ ಕೂರುವಷ್ಟು ಸಹಕರಿಸಿದರೆ ಈ ಯೋಜನೆ ಯಶಸ್ವಿಯಾಗುವುದರಲ್ಲಿ ಸಂಶಯವಿಲ್ಲ. ಹಿಂದೊಮ್ಮೆ ಅವಕ್ಕೆ ಮಂಕಿ ಪಾರ್ಕ್ ಮಾಡುವ ಮಾತು ಜೋರಾಗಿ ನಡೆದಿತ್ತು. ಪಾರ್ಕು ಬರಲಿಲ್ಲ, ಅವು ನಮ್ಮ ಬಾಳೆ, ಏಲಕ್ಕಿ, ತೆಂಗಿನಲ್ಲೇ ಸುಧಾರಿಸಿಕೊಂಡಿವೆ. ಮಂಗ ಸತ್ತು ಬಿದ್ದರೆ ನಮಗೆ ಇನ್ನೊಂದು ಭಯ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೀವಗಳನ್ನು ತೆಗೆದಾಗ ಕೊಯ್ಲು, ದರಕು, ಸೊಪ್ಪು ಎಲ್ಲ ನಿಂತವು, ಕಾಡಿಗೆ ಕಾಲಿಡುವವರಿಲ್ಲ. ಆ ನಷ್ಟ ಆರೋಗ್ಯ ಇಲಾಖೆಯದೋ ಕೃಷಿ ಇಲಾಖೆಯದೋ ಎಂದು ಯಾರೂ ಬರೆದುಕೊಳ್ಳಲಿಲ್ಲ.

ಬರೆದುಕೊಳ್ಳಬೇಕಾದರೆ ಪಹಣಿ ಬೇಕು. ಬೆಳೆ ಸಮೀಕ್ಷೆ, ರೈತನ ಗುರುತಿನ ಸಂಖ್ಯೆ, ಪರಿಹಾರದ ತಂತ್ರಾಂಶ ಎಲ್ಲವೂ ಪಹಣಿಯ ಗೂಟಕ್ಕೆ ಕಟ್ಟಿವೆ. ಬಗರ್‌ಹುಕುಂ ಸಾಗುವಳಿಯವರ ಗದ್ದೆಗೆ ನೆರೆಯೇ ಬರುವುದಿಲ್ಲ. ಚೇಣಿಗೆ ತೋಟ ಹಿಡಿದವನ ಅಡಿಕೆ ಉದುರುವುದಿಲ್ಲ, ಉದುರುವುದು ತೋಟದ ಒಡೆಯನದು. ಶರಾವತಿ ಮುಳುಗಡೆಯವರ ವಿಷಯವಂತೂ ಕೇಳಲೇಬೇಡಿ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ, 1964ರಲ್ಲಿ ಲಿಂಗನಮಕ್ಕಿ. ಸಾಗರ, ಹೊಸನಗರ ತಾಲ್ಲೂಕುಗಳ ಅತ್ಯುತ್ತಮ ಕಣಿವೆ ಗದ್ದೆಗಳು, ತೋಟಗಳು, ಹೊಳೆದಂಡೆಯ ಅಪ್ಪೆಮಿಡಿ ಮರಗಳು ನೀರಿನಡಿ ಹೋದವು. ಈ ಸೀಮೆಯ ಬೇಸಾಯಕ್ಕೆ ಒಂದೇ ಏಟಿಗೆ ಅಷ್ಟು ನಷ್ಟ ಮಾಡಿದ ಇನ್ನೊಂದು ಘಟನೆ ನನಗೆ ತಿಳಿದಂತಿಲ್ಲ. ಆದರೆ ಯಾವ ವಿಕೋಪದ ನಕ್ಷೆಯಲ್ಲೂ ಅದು ಇಲ್ಲ. ಉದ್ಘಾಟನೆಯಾದ ವಿಕೋಪವನ್ನು ವಿಕೋಪವೆಂದು ಗುರುತಿಸುವ ಪದ್ಧತಿಯಿಲ್ಲ. ನಕ್ಷೆಯಲ್ಲಿ ಅಲ್ಲಿ ಚೆಂದದ ನೀಲಿ ಬಣ್ಣ ಬಳಿದಿದೆ. ಲಿಂಗನಮಕ್ಕಿ 1,819 ಅಡಿ ತುಂಬಿದರೆ ನಾಡಿಗೆಲ್ಲ ಸಂತೋಷ, ಪತ್ರಿಕೆಯಲ್ಲಿ ಫೋಟೊ. ನಾಡಿಗೆ ದೀಪ ಹಚ್ಚಲು ಎದ್ದುಹೋದವರನ್ನು ಕೂರಿಸಿದ ಜಾಗ ಅರವತ್ತು ವರ್ಷ ದಾಟಿದರೂ ಎಷ್ಟೋ ಕಡೆ ದಾಖಲೆಯಲ್ಲಿ ಇನ್ನೂ ಕಾಡು. ಅವರು ಅಲ್ಲಿ ಬೆಳೆದ ಭತ್ತ ಕಾಡಿನಲ್ಲಿ ಬೆಳೆದ ಭತ್ತ, ಅದು ಕೊಳೆತರೆ ಕಾಡಿನಲ್ಲಿ ಎಲೆ ಕೊಳೆತ ಲೆಕ್ಕ.

ಲೋಕದ ಲೆಕ್ಕವೂ ಒಂದಿದೆ, ತಮಗೆ ಅದರ ಅಭಿಮಾನ ಇರಬಹುದೆಂದು ಹೇಳುತ್ತಿದ್ದೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2025ರಲ್ಲಿ ಕೊಟ್ಟ ವರದಿಯ ಪ್ರಕಾರ 1991ರಿಂದ 2023ರವರೆಗಿನ 33 ವರ್ಷದಲ್ಲಿ ವಿಕೋಪಗಳಿಂದ ಬೇಸಾಯಕ್ಕಾದ ನಷ್ಟ 3.26 ಲಕ್ಷ ಕೋಟಿ ಡಾಲರು, ವರ್ಷಕ್ಕೆ ಸರಾಸರಿ 9,900 ಕೋಟಿ. ಭೂಮಿಯ ಮೇಲಿನ ಪ್ರತಿ ಮನುಷ್ಯನ ಊಟದಿಂದ ದಿನಕ್ಕೆ 320 ಕ್ಯಾಲರಿ ಕಳೆದಂತಾಯಿತೆಂದು ಅವರು ಲೆಕ್ಕ ಹಾಕಿದ್ದಾರೆ. ಸಾಗರದ ಪಾಲು ಇದರಲ್ಲಿ ಎಷ್ಟೆಂದು ಹುಡುಕಲು ಕೂತವನು ಅಲ್ಲೇ ನಿಂತೆ. ಅಡಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಬದಲಿಗೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿದೆ. ಹಾಗೆ ನೋಡಿದರೆ ಕೊಳೆ ರೋಗ ಲೋಕಕ್ಕೆ ಉಪಕಾರವನ್ನೇ ಮಾಡುತ್ತಿದೆ. ಕ್ಯಾಲರಿ ಲೆಕ್ಕದ ನಕ್ಷೆಯಲ್ಲಿ ನಮ್ಮ ತೋಟದ ನಷ್ಟ ಸೊನ್ನೆ. ಆದರೆ ಇಲ್ಲಿಯವರ ತಟ್ಟೆಗೆ ಅಕ್ಕಿ ಬರುವುದು ಆ ಅಡಿಕೆ ಮಂಡಿಗೆ ಹೋಗಿ ದುಡ್ಡಾದ ಮೇಲೆ. ಕೊಯ್ಯುವ, ಸುಲಿಯುವ, ಬೇಯಿಸುವ, ಒಣಗಿಸುವ ಕೂಲಿಯವರ ಅಕ್ಕಿಯೂ ಅದೇ ದಾರಿಯಲ್ಲಿ ಬರುತ್ತದೆ. ಕೊಯ್ಯಲು ಕೊನೆಯೇ ಇಲ್ಲದ ವರ್ಷ ಸುಲಿಯಲು ಕರೆಯುವವರಿಲ್ಲ. ಆಗ ಉಳಿಯುವುದು ರೇಷನ್ ಅಂಗಡಿಯ ಅಕ್ಕಿ. ಅದು ಎಲ್ಲಿಯ ನೆಲದ್ದೋ ಚೀಲಕ್ಕೂ ಗೊತ್ತಿರಲಿಕ್ಕಿಲ್ಲ.

ಗದ್ದೆ ಇದ್ದವರೂ ಅದನ್ನು ಅಡಿಕೆ ತೋಟ ಮಾಡಿದರು. ಬೈಯುವಂತಿಲ್ಲ; ಕೂಲಿ, ಹಂದಿ, ಭತ್ತದ ರೇಟು ಎಲ್ಲ ಸೇರಿ ಮಾಡಿಸಿದ್ದು. ಆದರೆ ಗದ್ದೆಯ ಜೊತೆ ಇನ್ನೂ ಏನೇನೋ ಹೋಯಿತು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರುತ್ತಿದ್ದ ಹತ್ತುಮೀನು, ಅಂಚಿನ ಬಿಲದ ಏಡಿ, ಬದುವಿನ ಕೆಸ, ಸೊಪ್ಪು. ಕಡುಬಡವನ ಆಷಾಢವನ್ನು ದಾಟಿಸುತ್ತಿದ್ದವು ಇವು, ಜೊತೆಗೆ ಕಾಡಿನ ಕಳಲೆ, ಅಣಬೆ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಏಡಿಗೆ ಕಾಲಂ ಇಲ್ಲ. ಏಡಿ ಕಡಿಮೆಯಾದದ್ದು ಯಾವ ವಿಕೋಪದಿಂದ ಎಂದು ಕೇಳಿದರೆ ತಾವೂ ಹೇಳಲಾರಿರಿ, ಉಪಗ್ರಹವೂ ಹೇಳಲಾರದು. ಆಷಾಢದಲ್ಲಿ ಹಳ್ಳಕ್ಕಿಳಿಯುವ ಹೆಂಗಸರನ್ನು ಕೇಳಿದರೆ ಯಾವ ಹಳ್ಳ, ಯಾವ ವರ್ಷದಿಂದ, ಯಾರ ತೋಟದ ಔಷಧಿ ಎಂಬುದರ ಸಮೇತ ಹೇಳುತ್ತಾರೆ. ಅವರನ್ನು ಕೇಳಿ ಯಾರೂ ನಕ್ಷೆ ಬರೆದಿಲ್ಲ.

ನನ್ನ ಅರಿಕೆ ದೊಡ್ಡದಲ್ಲ. ಪಂಚಾಯ್ತಿಗೆ ತಾವೊಬ್ಬರೇ ಸಾಲದು, ಗುಡ್ಡದ ಎರಡೂ ಮಗ್ಗುಲಿಗೆ, ಕಣಿವೆಯ ತೋಟಕ್ಕೆ ಒಬ್ಬೊಬ್ಬ ತಮ್ಮಂದಿರು ಬೇಕು. ಮಳೆ ಎಷ್ಟು ಬಿತ್ತು ಎನ್ನುವುದರ ಜೊತೆ ಎಷ್ಟು ತಾಸು ಬಿತ್ತು, ಎಷ್ಟು ತಾಸು ಎಲೆ ಒದ್ದೆಯಿತ್ತು ಎಂಬುದನ್ನೂ ಹಿಡಿಯಬೇಕು. ಅದಕ್ಕೆ ಉಪಕರಣವಿದೆ, ದುಬಾರಿಯದ್ದೇನಲ್ಲ. ತಮ್ಮ ದಿನದ ಲೆಕ್ಕವನ್ನು ಪಂಚಾಯ್ತಿಯ ಬೋರ್ಡಿನ ಮೇಲೆ ದಿನಾ ಬರೆದುಹಾಕಬೇಕು, ತಪ್ಪಿದ್ದರೆ ಅಂದೇ ಜಗಳ ಮುಗಿಯುತ್ತದೆ, ವಿಮೆಯ ಹಣಕ್ಕೆ ವರ್ಷ ಕಾದು ಆಮೇಲೆ ತಿಳಿಯುವುದು ಬೇಡ. ಉದುರಿದ ಕಾಯಿ ಹೊಳೆ ಸೇರುವ ಮೊದಲು ಯಾರಾದರೂ ಒಬ್ಬರು ಕೊಡೆ ಹಿಡಿದು ತೋಟಕ್ಕೆ ಬರಬೇಕು. ಇಷ್ಟನ್ನು ಎಲ್ಲಿಗೆ ಬರೆಯಬೇಕೆಂದು ವಿಚಾರಿಸಿದಾಗ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಎಲ್ಲ ಕಡೆಯಿಂದಲೂ ಒಂದೇ ಧಾಟಿಯಲ್ಲಿ ಬಂತು. ಕೊನೆಗೆ ಉಳಿದವರು ತಾವು. ವ್ಯಾಪ್ತಿ ತಮ್ಮದೇ, ಇಡೀ ಪಂಚಾಯ್ತಿ.

ಇಂತು ತಮ್ಮ ವಿಧೇಯ,
ಸರ್ವೆ ನಂಬರಿರುವ ಒಬ್ಬ ಬೆಳೆಗಾರ

ವಿ.ಸೂ.: ತಾರಸಿಗೆ ಮೆಟ್ಟಿಲಿಲ್ಲದ್ದರಿಂದ ಈ ಕಾಗದವನ್ನು ನಮ್ಮ ಕೊನೆಗಾರನ ಕೈಯಲ್ಲಿ ಕೊಟ್ಟಿದ್ದೇನೆ, ಪೈಪು ಹಿಡಿದು ಹತ್ತುತ್ತಾನೆ. ತಮ್ಮ ಆಲಿಕೆಯಲ್ಲಿ ದರಕು ಸಿಕ್ಕಿಕೊಂಡಿದ್ದರೆ ತೆಗೆದುಬಿಡು ಎಂದೆ. ಸರ್ಕಾರಿ ಆಸ್ತಿ ಮುಟ್ಟಲು ಯಾರ ಅನುಮತಿ ಬೇಕು ಎಂದು ಅವನು ಕೇಳುತ್ತಿದ್ದಾನೆ, ದಯಮಾಡಿ ತಿಳಿಸುವುದು. ಕೂಲಿಯನ್ನೂ ಕೇಳಿದ. ಪರಿಹಾರದ ಲೆಕ್ಕದಂತೆ ಮರಕ್ಕೆ 16 ರೂಪಾಯಿ 42 ಪೈಸೆ ಎಂದೆ. ಹಾಗಿದ್ದರೆ ನೀವೇ ಹತ್ತಿ ಎಂದಿದ್ದಾನೆ.